ಇಬ್ಬರು ಒತ್ತಬೇಕಾದ ಬಾನೆಟ್ಟು

ಆಗೆಲ್ಲ ನಮ್ಮ ಶೆಟ್ಟಿಹಳ್ಳಿಗೆ ಆಷಾಢ ಬಂದದ್ದು ತಿಳಿಯಲು ಕ್ಯಾಲೆಂಡರ್ ಬೇಕಿರಲಿಲ್ಲ. ಒಣಹಾಕಿದ ಸೀರೆ ಹೋಗಿ ಪಕ್ಕದವರ ತೆಂಗಿನ ಮರಕ್ಕೆ ಸುತ್ತಿಕೊಳ್ಳುತ್ತಿತ್ತು, ನೇರಳೆ ಹಣ್ಣು ತಿಂದ ನಾಲಿಗೆ ಮಲಗುವ ಹೊತ್ತಾದರೂ ಬಣ್ಣ ಬಿಡುತ್ತಿರಲಿಲ್ಲ, ಅಡುಗೆಮನೆಯಿಂದ ಒಂದು ಹಿಡಿ ಅನ್ನ ಕಾಣೆಯಾಗಿ ಗಾಳಿಪಟಕ್ಕೆ ಅಂಟಾಗುತ್ತಿತ್ತು. ಹಾಗೆ ಅನ್ನ ಕದ್ದವರು ನಿಮ್ಮಲ್ಲೂ ಇರುತ್ತಾರೆ. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು ಮತ್ತು ದೊಡ್ಡಪ್ಪನ ಮಗ ಮಂಜನದು. ಈ ಗಾಳಿ ಎಲ್ಲಿಂದ ಹೊರಡುತ್ತದೆ, ಆಷಾಢಕ್ಕೇ ಯಾಕೆ ಬರುತ್ತದೆ, ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ನಾನು ಕಂಡವರನ್ನೆಲ್ಲ ಕೇಳುತ್ತಿದ್ದೆ. ದೊಡ್ಡಪ್ಪ ನನಗೆ 'ಪ್ರಶ್ನೆಪತ್ರಿಕೆ' ಎಂದೇ ಹೆಸರಿಟ್ಟಿದ್ದರು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗಿನ ಆಷಾಢದ ಮಾತಿದು. ಅದಕ್ಕೆ ಕೆಲವು ತಿಂಗಳು ಮೊದಲು, ತಾತ ತೀರಿಕೊಂಡ ಮೇಲೆ, ಮನೆ ಪಾಲಾಗಿತ್ತು. ನಡುಮನೆಯ ಬಾಗಿಲಿಗೆ ಇಟ್ಟಿಗೆ ಕಟ್ಟಿದರು. ಆ ಕಡೆ ಯಶವಂತಪುರದ ಮಾರ್ಕೆಟ್ಟಿನಲ್ಲಿ ಈರುಳ್ಳಿ ವ್ಯಾಪಾರ ಮಾಡುತ್ತಿದ್ದ ದೊಡ್ಡಪ್ಪನ ಸಂಸಾರ, ಈ ಕಡೆ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನಮ್ಮಪ್ಪನ ಸಂಸಾರ. ಹಂಡೆ, ಪಾತ್ರೆ, ತೆಂಗಿನ ಮರ ಎಲ್ಲ ಹಂಚಿಹೋದವು. ಹಂಚುವಾಗ ಆಡಿದ ಮಾತು ಹೆಚ್ಚಾಗಿ, ಅಣ್ಣತಮ್ಮಂದಿರ ನಡುವೆ ಮಾತೇ ನಿಂತುಹೋಯಿತು. ಹೇಳಲೇಬೇಕಾದದ್ದು ಏನಾದರೂ ಇದ್ದರೆ ನನ್ನ ಕೈಲೋ ಮಂಜನ ಕೈಲೋ ಹೇಳಿಸುತ್ತಿದ್ದರು, ಕೇಳಬೇಕಾದವರು ಎದುರಿಗೇ ನಿಂತಿದ್ದರೂ.

ಹಂಚಲಾಗದೆ ಉಳಿದದ್ದು ತಾತನ ಕಾರು. ಬೆಂಕಿಪೊಟ್ಟಣದಂಥ ಪುಟ್ಟ ಬಿಳಿ ಕಾರು. ಯಾರ ಕಡೆ ನಿಲ್ಲಿಸಿದರೂ ಅದು ಅವರದಾಗಿಬಿಡುತ್ತದೆಂದು ಅಜ್ಜಿ ಅದನ್ನು ಅಂಗಳದ ನಟ್ಟನಡುವೆ ನಿಲ್ಲಿಸಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಅಂಗಳಕ್ಕೂ ಒಂದು ಗೋಡೆ ಹಾಕಿಸುವ ಯೋಚನೆಯಿತ್ತು, ಇಟ್ಟಿಗೆ ಬಂದು ಬಿದ್ದಿತ್ತು. ಆದರೆ ಗೋಡೆ ಏಳಬೇಕಾದ ಜಾಗದಲ್ಲೇ ಕಾರು ನಿಂತಿತ್ತಲ್ಲ. ಕಾರಿರುವವರೆಗೆ ಗೋಡೆಯಿಲ್ಲ, ಗೋಡೆಯಿಲ್ಲದಿದ್ದರೆ ಮಂಜನೂ ನಾನೂ ಗಾಳಿಪಟ ಹಿಡಿದು ಈ ತುದಿಯಿಂದ ಆ ತುದಿಗೆ ಓಡಬಹುದು. ನನ್ನ ಲೆಕ್ಕ ಅಷ್ಟು ಸರಳವಾಗಿತ್ತು.

ಒಂದು ಬೆಳಿಗ್ಗೆ ದೊಡ್ಡಪ್ಪ ರೇಡಿಯೇಟರಿಗೆ ನೀರು ಹಾಕಲು ಬಾನೆಟ್ ಎತ್ತಿ, ಆಸರೆಗೆ ಕಂಬಿ ಕೊಟ್ಟರು. ತುಮಕೂರು ರಸ್ತೆಯ ಕಡೆಯಿಂದ ಬಂದ ಗಾಳಿ ಅದರ ಅಡಿಗೆ ನುಗ್ಗಿತು. ಕಂಬಿ ಕಳಚಿ, ಬಾನೆಟ್ ಹಿಂದಕ್ಕೆ ಹಾರಿ ಬಡಿದ ಸದ್ದಿಗೆ ಕೋಳಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ಪುಣ್ಯಕ್ಕೆ ಗಾಜು ಒಡೆಯಲಿಲ್ಲ. ಇಳಿಸಿ ನೋಡಿದರೆ ಬಾನೆಟ್ ಕುಡುಕನ ತಲೆಯ ಮೇಲಿನ ಟೋಪಿಯ ಹಾಗೆ ಸೊಟ್ಟಗೆ ಕೂತಿತ್ತು. ಲಾಕ್ ಬೀಳುತ್ತಿರಲಿಲ್ಲ. ಹಾಗೇ ಓಡಿಸಿದರೆ ದಾರಿಯಲ್ಲಿ ಎದ್ದು ಗಾಜಿಗೆ ಬಡಿಯುವುದು ಖಂಡಿತವಿತ್ತು.

ಎತ್ತಿದ್ದು ಅವರು, ಆದ್ದರಿಂದ ತಪ್ಪು ಅವರದು ಎಂದು ಅಪ್ಪ ನನ್ನ ಕೈಲಿ ಹೇಳಿಸಿದ. ಕಂಬಿ ಸಿಕ್ಕಿಸುವ ಕ್ಲಿಪ್ಪು ಮುರಿದವನು ಅವನೇ ಎಂದು ದೊಡ್ಡಪ್ಪ ಮಂಜನ ಕೈಲಿ ಹೇಳಿಸಿದರು. ಗ್ಯಾರೇಜಿಗೆ ಇಬ್ಬರೂ ಒಯ್ಯಲಿಲ್ಲ. ಕೊನೆಗೆ ಅಜ್ಜಿ ಜಗಲಿಗೆ ಬಂದು, ಬಾಯಲ್ಲಿದ್ದ ಎಲೆಯಡಿಕೆ ಉಗುಳಿ, ಇಬ್ಬರಿಗೂ ಕೇಳುವಂತೆ ಹೇಳಿದಳು.

"ಬರೋ ಭಾನ್ವಾರ ನೀವಿಬ್ರೇ ನಿಂತು ಸರಿ ಮಾಡಿ. ಆಗ್ದಿದ್ರೆ ಗುಜ್ರಿಯೋನ್ ತಗಂಡೋಗ್ಲಿ. ಗೋಡೆನೂ ಆಕ್ಸ್ಕಳಿ, ನಾನು ಕೇಳಕಿಲ್ಲ."

ಆ ವಾರವೆಲ್ಲ ನನಗೆ ಗಾಳಿಪಟ ರುಚಿಸಲಿಲ್ಲ. ಶಾಲೆಯಿಂದ ಬಂದವಳೇ ಇಟ್ಟಿಗೆ ರಾಶಿಯನ್ನು ನೋಡುತ್ತ ಕೂರುತ್ತಿದ್ದೆ. ಗೋಡೆ ಬಂದರೆ ಹಾರಿಕೊಂಡು ಬರುತ್ತೇನೆ ಎಂದು ಮಂಜ ಧೈರ್ಯ ಹೇಳುತ್ತಿದ್ದ. ಅವನು ನನಗಿಂತಲೂ ಕುಳ್ಳ.

ಭಾನುವಾರ ಅಪ್ಪ ಸ್ಪ್ಯಾನರ್ ಡಬ್ಬ ತಂದು ಕಾರಿನ ಎಡಕ್ಕೆ ನಿಂತ. ದೊಡ್ಡಪ್ಪ ಲುಂಗಿ ಎತ್ತಿ ಕಟ್ಟಿ ಬಲಕ್ಕೆ ನಿಂತರು. ಎರಡೂ ಅಡುಗೆಮನೆಗಳಿಂದ ಹಲಸಿನ ಬೀಜ ಸುಡುವ ವಾಸನೆ ಬರುತ್ತಿತ್ತು, ಬೋಲ್ಟಿನ ತುಕ್ಕಿಗೆ ಸುರಿದ ಸೀಮೆಎಣ್ಣೆಯ ವಾಸನೆ ಅದರ ಜೊತೆ ಸೇರಿತ್ತು. ಇವತ್ತಿಗೂ ಎಲ್ಲಾದರೂ ಸೀಮೆಎಣ್ಣೆ ಮೂಗಿಗೆ ಬಡಿದರೆ ನನಗೆ ಹಸಿವಾಗುತ್ತದೆ.

ಗಾಜಿನ ಬುಡದಲ್ಲಿ ಬಾನೆಟ್ಟಿನ ಎರಡು ಕೀಲುಗಳಿದ್ದವು. ಬೋಲ್ಟು ಸಡಿಲಿಸಿದಾಗ ನೋಡಿದರೆ, ಬೋಲ್ಟಿಗಿಂತ ಅದರ ತೂತು ದೊಡ್ಡದು. ಯಾಕೆ ಹಾಗೆ ಎಂದೆ. ಆಚೀಚೆ ಸರಿಸಿ ಕೂರಿಸಲು ಬೇಕೆಂದೇ ಅಷ್ಟು ಜಾಗ ಬಿಟ್ಟಿರುತ್ತಾರೆ ಎಂದ ಅಪ್ಪ. ಸರಿಸುವುದೇ ಕಷ್ಟವಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ, ಅಪ್ಪ ಮುಂದಕ್ಕೆಳೆದರೆ ದೊಡ್ಡಪ್ಪ ಹಿಂದಕ್ಕೆ ತಳ್ಳುತ್ತಿದ್ದರು.

"ದೊಡ್ಡಪ್ಪಂಗೆ ಹೇಳಮ್ಮ, ಅವ್ರ ಕಡೆನೇ ಸಂದು ಜಾಸ್ತಿ ಐತೆ ಅಂತ."

"ನಿಮ್ಮಪ್ಪಂಗೆ ಹೇಳು, ಅವನ್ ಕಡೆ ಸಂದು ನನಗಿಲ್ಲಿಂದ ಕಾಣ್ತಾ ಐತೆ ಅಂತ."

ಇಬ್ಬರೂ ನಿಜವನ್ನೇ ಹೇಳುತ್ತಿರಬಹುದೇ ಎಂದು ನನಗೆ ಕುತೂಹಲ. ಆ ಅಂಗಳದಲ್ಲಿ ಎರಡೂ ಕಡೆ ಓಡಾಡಬಹುದಾದವಳು ನಾನು. ಹರಿದ ಗಾಳಿಪಟದ ಬಿದಿರುಕಡ್ಡಿ ಕಿತ್ತು ತಂದು ಬಾನೆಟ್ಟಿನ ಸಂದಿನಲ್ಲಿ ಓಡಿಸಿದೆ. ಅಪ್ಪನ ಕಡೆ, ಹೆಡ್‌ಲೈಟಿನ ಹತ್ತಿರ ಕಡ್ಡಿ ಸಿಕ್ಕಿಕೊಂಡಿತು, ಗಾಜಿನ ಹತ್ತಿರ ಸಲೀಸಾಗಿ ಆಡಿತು. ದೊಡ್ಡಪ್ಪನ ಕಡೆ ಅದಕ್ಕೆ ತಿರುಗುಮುರುಗು. ಹಾಗಾದರೆ ಬಾನೆಟ್ ಯಾರ ಕಡೆಗೂ ಸರಿದಿಲ್ಲ, ನಿಂತಲ್ಲೇ ತಿರುಗಿದೆ. ಕಾರಿನ ಮುಂದೆ ನಿಂತು ಅಂಗೈ ತಿರುಗಿಸಿ ತೋರಿಸಿದೆ. ಇಬ್ಬರೂ ನನ್ನ ಅಂಗೈಯನ್ನೇ ನೋಡಿದರು. ಪ್ರಶ್ನೆಪತ್ರಿಕೆಗೆ ಉತ್ತರವೂ ಬರುತ್ತದೆ ಎಂದು ದೊಡ್ಡಪ್ಪ ನಕ್ಕರು.

ಹಾಗೆ ತಿರುಗಿಸುವಾಗ ಬಾನೆಟ್ ಜಾರಿತು. ಅಪ್ಪನ ಬೆರಳು ಕೀಲಿನ ಸಂದಿನಲ್ಲಿತ್ತು.

"ಲೋ, ಬೆರಳ್ ತೆಗಿಯೋ," ಎಂದು ದೊಡ್ಡಪ್ಪ ಭಾರವನ್ನೆಲ್ಲ ತಮ್ಮ ತೋಳಿನ ಮೇಲೆ ತಗೊಂಡರು.

ಅಪ್ಪ ಬೆರಳು ತೆಗೆದ. ಆ ಮಾತು ನನ್ನ ಮೂಲಕ ಬಂದಿರಲಿಲ್ಲ. ಅದು ಇಬ್ಬರಿಗೂ ಹೊಳೆದು, ದೊಡ್ಡಪ್ಪ ಸುಮ್ಮನೆ ಒಮ್ಮೆ ಕೆಮ್ಮಿ, ಸ್ಪ್ಯಾನರ್ ಕೊಡಬೇಕಂತೆ ಎಂದು ನಿಮ್ಮಪ್ಪನಿಗೆ ಹೇಳು ಎಂದು ಮತ್ತೆ ನನ್ನ ಕಡೆ ತಿರುಗಿದರು.

ಕೊನೆಯದು ರಬ್ಬರುಗಳ ಕೆಲಸ. ಬಾನೆಟ್ಟಿನ ಮುಂದಿನ ಎರಡು ಮೂಲೆಗಳ ಕೆಳಗೆ ಬಿರಡೆಯಂಥ ಒಂದೊಂದು ರಬ್ಬರು. ತಿರುಗಿಸಿದರೆ ಮೇಲೇಳುತ್ತದೆ, ಇಳಿಯುತ್ತದೆ. ಬಾನೆಟ್ ಅವುಗಳ ಮೇಲೆ ಕೂರಬೇಕು. ಎತ್ತರ ಸರಿಯಿದೆಯೇ ಎಂದು ತಿಳಿಯಲು ಅಪ್ಪ ನನ್ನ ಕೈಲಿ ರಾಗಿರೊಟ್ಟಿಯ ಹಿಟ್ಟು ತರಿಸಿ, ಎರಡರ ಮೇಲೂ ಗೋಲಿಯಷ್ಟು ಇಟ್ಟು ಬಾನೆಟ್ ಇಳಿಸಿದ. ಎತ್ತಿದಾಗ ಒಂದು ಉಂಡೆ ಅಪ್ಪಚ್ಚಿಯಾಗಿತ್ತು, ಇನ್ನೊಂದು ಉಂಡೆಯಾಗೇ ಇತ್ತು. ರಬ್ಬರ್ ತಿರುಗಿಸಿ ತಿರುಗಿಸಿ, ಎರಡೂ ಒಂದೇ ದಪ್ಪಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಹಿಟ್ಟು ಕೋಳಿಗಳ ಪಾಲಾಯಿತು.

ಅಜ್ಜಿ ಪರೀಕ್ಷೆಗೆ ಬಂದಳು. ಒಂದೇ ಕೈಯಲ್ಲಿ ಬಾನೆಟ್ ಇಳಿಸಿ ಒತ್ತಿದಳು. ಟಕ್ಕೆಂದು ಕೂತಿತು. ಗುಜರಿಯವನ ಮಾತು ಅಲ್ಲಿಗೆ ಮುಗಿಯಿತು. ನಾನೂ ಮಂಜನೂ ಇಟ್ಟಿಗೆ ರಾಶಿಯ ಮೇಲೆ ಕೂತು ಬಾಯಿ ಸುಡುವ ಹಲಸಿನ ಬೀಜ ತಿಂದೆವು. ನನಗೆ ಆ ದಿನದಷ್ಟು ಸಂತೋಷ ಯಾವ ಹಬ್ಬಕ್ಕೂ ಆಗಿರಲಿಲ್ಲ.

ವಿಚಿತ್ರ ನಡೆದದ್ದು ಮುಂದಿನ ಭಾನುವಾರ. ನೀರು ಹಾಕಿ ಬಾನೆಟ್ ಇಳಿಸಿದರೆ ಕೂರಲಿಲ್ಲ. ನಡುವೆ ಒತ್ತಿದರೆ ತಗಡು ತಗ್ಗಾಗುತ್ತಿತ್ತು. ಎರಡು ಮೂಲೆಗೆ ಇಬ್ಬರು ನಿಂತು ಒಟ್ಟಿಗೆ ಒತ್ತಿದರಷ್ಟೇ ಲಾಕ್ ಬೀಳುತ್ತಿತ್ತು. ಅಜ್ಜಿಯ ಒಂದು ಕೈಗೆ ಕೂತದ್ದು ಈಗ ಯಾಕಿಲ್ಲ ಎಂದು ಕೇಳಿದೆ. ಬಿಸಿಲಿಗೆ ರಬ್ಬರ್ ಹಿಗ್ಗಿರಬೇಕು ಎಂದ ಅಪ್ಪ. ಆಷಾಢದಲ್ಲಿ ಅಂಥ ಬಿಸಿಲೆಲ್ಲಿ ಎಂದದ್ದಕ್ಕೆ, ಹೋಗಿ ಓದಿಕೋ ಎಂದು ಗದರಿದ. ದೊಡ್ಡಪ್ಪನನ್ನು ಕೇಳಿದರೆ ಅವರೂ ಹಿಗ್ಗಿರಬೇಕು ಎಂದರು.

ಅಲ್ಲಿಂದ ಭಾನುವಾರ ಬಂತೆಂದರೆ ಅಪ್ಪ ಕಾರಿನ ಪಕ್ಕ ನಿಂತು, ಕಾರಿಗೇ ಹೇಳುವವನಂತೆ, ಬಾನೆಟ್ ಹಾಕಬೇಕು ಎನ್ನುತ್ತಿದ್ದ. ದೊಡ್ಡಪ್ಪ ಹೊರಬರುತ್ತಿದ್ದರು. ಇಬ್ಬರೂ ಒತ್ತಿ ಅವರವರ ಪಾಡಿಗೆ ಹೋಗುತ್ತಿದ್ದರು. ಆಮೇಲಾಮೇಲೆ ಬಾನೆಟ್ಟಿನ ಮೇಲೆ ಎರಡು ಕಾಫಿ ಲೋಟ ಕಾಣಿಸಿಕೊಂಡವು. ಈರುಳ್ಳಿಯ ರೇಟು, ಕಾರ್ಖಾನೆಯ ಸುದ್ದಿ, ನಮ್ಮಿಬ್ಬರ ಮಾರ್ಕ್ಸು ಎಲ್ಲ ಅಲ್ಲಿಗೆ ಬಂದವು. ಒಳಗೆ ಹೋದರೆ ಮತ್ತೆ ಮಾತಿಲ್ಲ, ಯುಗಾದಿಗೂ ಇಲ್ಲ. ಅವರು ಮಾತಾಡಿದ್ದೆಲ್ಲ ಆ ಬಾನೆಟ್ಟಿನ ಆಚೀಚೆ ನಿಂತೇ. ಇಟ್ಟಿಗೆಗೆ ಪಾಚಿ ಹಿಡಿಯಿತು. ಕೊನೆಗೆ ಅದರಲ್ಲಿ ಕೋಳಿಗೂಡು ಕಟ್ಟಿದರು.

ಈಗ ನಾನಿರುವುದು ಯಲಹಂಕದ ಅಪಾರ್ಟ್‌ಮೆಂಟಿನಲ್ಲಿ. ನನ್ನ ಕಾರಿನ ಬಾನೆಟ್ ಕೈಬಿಟ್ಟರೆ ಸಾಕು, ತಾನೇ ಕೂರುತ್ತದೆ. ಕೆಳಗೆ ಸಾಲಾಗಿ ಅಷ್ಟೊಂದು ಕಾರು ನಿಲ್ಲುತ್ತವೆ, ಬಾನೆಟ್ ಹಾಕಬೇಕು ಬನ್ನಿ ಎಂದು ಒಬ್ಬರು ಇನ್ನೊಬ್ಬರನ್ನು ಕರೆದದ್ದು ನಾನು ಕೇಳಿಲ್ಲ. ಆಷಾಢದಲ್ಲಿ ಮೇಲಿನ ಮಹಡಿಗೆ ಗಾಳಿ ಬರುತ್ತದೆ, ಕಿಟಕಿ ಮುಚ್ಚುತ್ತೇವೆ. ಆ ಅಂಗಳ ನೆನಪಾಗಿ ಸಂಕಟವಾಗುತ್ತದೆ.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ದೊಡ್ಡಪ್ಪ ಹೋದದ್ದು ಮೊನ್ನೆ ಮೊನ್ನೆ. ಒಬ್ಬನೇ ಬಾನೆಟ್ ಹಾಕಲಾಗದೆ ಅಪ್ಪ ಅದಕ್ಕೆ ಹಗ್ಗ ಬಿಗಿದಿಟ್ಟಿದ್ದ. ಬೇರೆ ಯಾರನ್ನೂ ಆ ಕಡೆ ನಿಲ್ಲಿಸಿಕೊಳ್ಳಲಿಲ್ಲ. ಕೊನೆಗೆ ತಾನೇ ಗುಜರಿಯವನನ್ನು ಕರೆಸಿದ.

ಆ ದಿನ ನಾನು ಶೆಟ್ಟಿಹಳ್ಳಿಗೆ ಹೋಗಿದ್ದೆ. ಹಳೆಯ ಪ್ರಶ್ನೆ ತಲೆಯಲ್ಲೇ ಇತ್ತಲ್ಲ, ಹಗ್ಗ ಬಿಚ್ಚಿ, ಬಾನೆಟ್ ಎತ್ತಿ ಬಗ್ಗಿ ನೋಡಿದೆ. ಅಪ್ಪನ ಕಡೆಯ ರಬ್ಬರು ಹಿಗ್ಗಿರಲಿಲ್ಲ. ಅದರ ತಿರುಪು ಕಾಣುವಷ್ಟು ಯಾರೋ ತಿರುಗಿಸಿ ಮೇಲಕ್ಕೆತ್ತಿದ್ದರು. ದೊಡ್ಡಪ್ಪನ ಕಡೆಗೆ ಹೋಗಿ ನೋಡಿದೆ. ಅದನ್ನೂ ಎತ್ತಿದ್ದರು. ಎರಡನ್ನೂ ಇಳಿಸಿ ಬಾನೆಟ್ ಒತ್ತಿದೆ. ಅಜ್ಜಿಗೆ ಕೂತ ಹಾಗೆ, ಒಂದೇ ಕೈಗೆ ಕೂತಿತು.

ಅಪ್ಪ ಜಗಲಿಯ ಮೇಲಿಂದ ನೋಡುತ್ತಿದ್ದ. ರಬ್ಬರ್ ಏರಿಸಿದ್ದು ನೀನೇನಾ ಎಂದು ಕೇಳಿದೆ. ಸಿಕ್ಕಿಬಿದ್ದ ಹುಡುಗನ ಹಾಗೆ ನಕ್ಕ.

"ನನ್ ಕಡೆದು ಮಾತ್ರ ಕಣಮ್ಮ. ಸ್ವಲ್ಪಾನೇ ಏರ್ಸಿದ್ದೆ."

ಎರಡೂ ಏರಿತ್ತಲ್ಲಪ್ಪ ಎಂದೆ. ಅವನ ನಗು ನಿಂತಿತು. ಎದ್ದು ಬಂದು, ಕಾರಿಗೆ ಸುತ್ತು ಹಾಕಿ, ದೊಡ್ಡಪ್ಪ ನಿಲ್ಲುತ್ತಿದ್ದ ಬಲಗಡೆಯಲ್ಲಿ ನಿಂತು ಆ ಮೂಲೆಯನ್ನು ಮುಟ್ಟಿ ನೋಡಿದ.

"ಅಣ್ಣಂದೂನಾ?" ಎಂದು ನನ್ನನ್ನು ಕೇಳಿದ.

ಈ ಕಡೆಯ ಮಾತನ್ನು ಆ ಕಡೆಗೆ ಮುಟ್ಟಿಸುವುದು ಮೊದಲಿಂದಲೂ ನನ್ನ ಕೆಲಸ. ಇದೊಂದನ್ನು ಮುಟ್ಟಿಸಲು ನನ್ನಿಂದಾಗಲಿಲ್ಲ.