ಶಹಾಬಾದಿನ ಮಿಸ್ತ್ರಿ ಕೊಟ್ಟ ಪವರ್

ಮೊನ್ನೆ ರವಿವಾರ ಪಕ್ಕದ ಮನೆಯವರು ತಮ್ಮ ಹಳೆಯ ಸ್ಕೂಟರಿನ ಕಾರ್ಬುರೇಟರ್ ಬಿಚ್ಚಿಕೊಂಡು ಅಂಗಳದಲ್ಲಿ ಕೂತಿದ್ದರು. ಅಡುಗೆಮನೆಯ ಸ್ಟೀಲ್ ಬಟ್ಟಲಿಗೇ ಪೆಟ್ರೋಲು ಸುರಿದಿದ್ದಾರೆಂದು ಅವರ ಹೆಂಡತಿ ಒಳಗಿನಿಂದ ಬೈಯುತ್ತಿದ್ದಳು. ನನಗೆ ನಗು ಬರಬೇಕಿತ್ತು. ಆದರೆ ಆ ವಾಸನೆ ಗೋಡೆ ದಾಟಿ ಬಂದದ್ದೇ ತಡ, ಶಹಾಬಾದಿನ ಮಿಸ್ತ್ರಿ ನೆನಪಾದರು. ಬಟ್ಟೆ ಒಣ ಹಾಕುವುದನ್ನು ಬಿಟ್ಟು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಆ ಮನುಷ್ಯ ನನಗೆ ಮೋಸ ಮಾಡಿದರೋ ಉಪಕಾರ ಮಾಡಿದರೋ, ಇವತ್ತಿಗೂ ನನಗೆ ಪೂರ್ತಿ ಬಗೆಹರಿದಿಲ್ಲ.

ನನ್ನ ತವರು ಶಹಾಬಾದ್. ಅಪ್ಪನ ಹತ್ತಿರ ಎಂಟುನೂರು ಸಿಸಿಯ ಸಣ್ಣ ಕಾರೊಂದಿತ್ತು. ಅದರ ರಿಪೇರಿಗೆ ಮೊದಲಿನಿಂದ ಕೈ ಹಚ್ಚುತ್ತಿದ್ದವರು ಈ ಮಿಸ್ತ್ರಿ. ನಾನು ಗಾಡಿ ಕಲಿತದ್ದೂ ಅದರಲ್ಲೇ. ಅಪ್ಪ ತೀರಿಕೊಂಡ ಮೇಲೆ ಕಾರು ನನ್ನ ಪಾಲಿಗೆ ಬಂತು, ಸೇಡಂನ ಗಂಡನ ಮನೆಗೆ ತಂದೆ. ನನ್ನ ಶಾಲೆ ಐನಾಪುರದ ಕಡೆ. ನಾಲ್ವರು ಟೀಚರುಗಳು ಅದರಲ್ಲೇ ಹೋಗಿ ಬರುತ್ತಿದ್ದೆವು, ಹೊಡೆಯುವವಳು ನಾನು. ಸ್ಟೀರಿಂಗ್ ಹಿಡಿದರೆ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಸುಳ್ಳೇಕೆ ಹೇಳಲಿ, ಆ ಎರಡು ತಾಸು ನನಗೆ ಸಂಬಳಕ್ಕಿಂತ ಹೆಚ್ಚಿನದಾಗಿತ್ತು.

ಐದಾರು ತಿಂಗಳು ಚೆನ್ನಾಗಿ ಓಡಿತು. ಆಮೇಲೆ ಏನಾಯಿತೋ, ಚಿಂಚೋಳಿ ದಾಟಿದ ಮೇಲಿನ ಏರಿನಲ್ಲಿ ಕಾರು ಏದುಸಿರು ಬಿಡತೊಡಗಿತು. ಹಿಂದೆ ಕರಿ ಹೊಗೆ. ಮೂವರು ಟೀಚರುಗಳು ಇಳಿದು, ಸೆರಗು ಸಿಕ್ಕಿಸಿಕೊಂಡು, ಟಿಫಿನ್ ಚೀಲ ಹಿಡಿದು ನಡೆದು ಬರುವುದು, ನಾನು ಖಾಲಿ ಗಾಡಿ ಮೇಲೆ ಹತ್ತಿಸಿ ಅವರಿಗಾಗಿ ಕಾಯುವುದು! ಹೊಲದಲ್ಲಿದ್ದವರು ಕೆಲಸ ಬಿಟ್ಟು ನಿಂತು ನೋಡುತ್ತಿದ್ದರು. ಸುದ್ದಿ ಭಾವನವರ ಕಿವಿಗೂ ಬಿತ್ತು. ಭಾವ ಎಂದರೆ ನನ್ನ ಗಂಡನ ಅಣ್ಣ. ಸಿಮೆಂಟ್ ಅಂಗಡಿ ಅವರದು, ಮನೆಯಲ್ಲಿ ಮಾತೂ ಅವರದೇ.

"ನಾಲ್ಕು ಮಂದಿನ್ನ ಕೂಡಿಸ್ಕೊಂಡು ಆ ಏರು ಹತ್ತಿದ್ರ ಇರ್ಲಿ. ಇಲ್ಲಂದ್ರ ಮಾರಿಬಿಡೋದು. ಹೆಣ್ಮಕ್ಕಳಿಗಿ ಬಸ್ ಏನ್ ಕಮ್ಮಿ ಅವ?" ಎಂದರು. ನನ್ನ ಗಂಡ ಎಂದಿನಂತೆ ಪೇಪರ್ ಓದುತ್ತಿದ್ದರು.

ಚಿತ್ತಾಪುರ, ವಾಡಿ ಹಾದು ಭಾವ, ಗಂಡ, ನಾನು ಮೂವರೂ ಶಹಾಬಾದಿಗೆ ಹೋದೆವು. ನಾನೊಬ್ಬಳೇ ಗ್ಯಾರೇಜಿಗೆ ಹೋಗುವುದು ನಮ್ಮ ಮನೆಯಲ್ಲಿ ನಡೆಯುವ ಮಾತಲ್ಲ. ಮಿಸ್ತ್ರಿ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಕೆಯನ್ನು ಕಿವಿಗೂ ಹಚ್ಚಿ ಕಣ್ಣು ಮುಚ್ಚಿಕೊಂಡರು. ಎಂಜಿನ್ನಿನ ಹೊಟ್ಟೆಯಲ್ಲಿ ಏನಿದೆ ಎಂದು ಅವರು ತಿಳಿಯುತ್ತಿದ್ದದ್ದೇ ಹಾಗೆ. ಆಮೇಲೆ ಗಾಳಿ ಸೋಸುವ ಫಿಲ್ಟರಿನ ಡಬ್ಬಿ ತೆರೆದು ಒಳಗೆ ಇಣುಕಿದರು.

"ಗಾಡಿ ಎಲ್ಲಿ ನಿಂದ್ರಸ್ತಿ ಅವ್ವಾ?"

"ಸಿಮೆಂಟ್ ಗೋದಾಮಿನ್ಯಾಗ್ರಿ."

"ತೊಳಿಯೋರು ಯಾರು?"

"ನಾನೇ ರಿ," ಎಂದೆ, ಹೆಮ್ಮೆಯಿಂದಲೇ. ಗೋದಾಮಿನ ಧೂಳು ಎಲ್ಲಿ ಬೇಕಾದಲ್ಲಿ ಕೂರುತ್ತಿತ್ತು. ಪ್ರತಿ ರವಿವಾರ ಬಾನೆಟ್ ಎತ್ತಿ, ಫಿಲ್ಟರನ್ನೂ ಹೊರತೆಗೆದು, ನಳದ ಕೆಳಗೆ ಹಿಡಿದು, ಹಪ್ಪಳದಂತೆ ಬಿಸಿಲಿಗಿಟ್ಟು ಮತ್ತೆ ಕೂಡಿಸುತ್ತಿದ್ದೆ. ಯಾವ ಡ್ರೈವರ್ ಅಷ್ಟು ಮಾಡುತ್ತಾನೆ ಹೇಳಿ!

ಮಿಸ್ತ್ರಿ ನನ್ನ ಮುಖ ನೋಡಿದರು. ಪಕ್ಕದಲ್ಲಿ ಕೈ ಕಟ್ಟಿ ನಿಂತ ಭಾವನವರ ಮುಖ ನೋಡಿದರು. ಡಬ್ಬಿ ಮುಚ್ಚಿದರು... ಆ ನೋಟ ಈಗ ನೆನಪಾಗುತ್ತದೆ. ಆಗ ಗಮನಕ್ಕೇ ಬರಲಿಲ್ಲ.

"ಎಂಜಿನ್ ಸಣ್ಣದದ ರಿ," ಎಂದರು ಭಾವನವರಿಗೆ. "ನಾಲ್ಕು ದಿನ ಬಿಟ್ಟು ಹೋಗ್ರಿ. ಪವರ್ ಹೆಚ್ಚು ಮಾಡಿ ಕೊಡ್ತೀನಿ."

ಐದನೆಯ ದಿನ ಮಿಸ್ತ್ರಿಯೇ ಏರಿನವರೆಗೆ ಜೊತೆಗೆ ಬಂದರು. ಮುಂದೆ ಭಾವ, ಹಿಂದೆ ನನ್ನ ಗಂಡ ಮತ್ತು ಮಿಸ್ತ್ರಿ. ಏರು ಬಂತು. ಸೆಕೆಂಡ್ ಗೇರು ಹಾಕಿ ಕಾಲು ಒತ್ತಿದೆ. ಕಾರು ಹೂಂ ಎಂದು ಎಳೆದುಕೊಂಡು ಮೇಲಕ್ಕೆ ಹೋಗಿಯೇಬಿಟ್ಟಿತು! ಏನು ಮಾಡಿದಿರಿ ಎಂದು ಭಾವ ಕೇಳಿದರು. ಎಂಜಿನ್ನಿನ ಹೆಡ್ ಬಿಚ್ಚಿ ಉಜ್ಜಿಸಿದ್ದೇನೆ, ಕಾರ್ಬುರೇಟರಿನಲ್ಲಿ ಪೆಟ್ರೋಲು ಬಿಡುವ ಜೆಟ್ ದೊಡ್ಡದು ಹಾಕಿದ್ದೇನೆ, ಕಿಡಿಯ ಟೈಮಿಂಗ್ ಮುಂದಕ್ಕೆ ಎಳೆದಿದ್ದೇನೆ ಎಂದು ಮಿಸ್ತ್ರಿ ಪಟಪಟನೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಬಾನೆಟ್ ಮಾತ್ರ ತೆಗಿಬ್ಯಾಡವ್ವಾ. ನನ್ನ ಕೈಯಾಗಿನ ಕೆಲಸ ಅದ, ಕೆಡ್ತದ. ಮೂರು ತಿಂಗಳಿಗೊಮ್ಮಿ ನನ್ನ ಹಂತೇಕ ತಾ."

ಎರಡು ವರ್ಷ ಹಾಗೆಯೇ ಮಾಡಿದೆ. ನನ್ನ ಕಾರು ಮಾಮೂಲಿ ಕಾರಲ್ಲ, ಟ್ಯೂನ್ ಮಾಡಿದ್ದು ಎಂದು ಶಾಲೆಯಲ್ಲಿ ಎಷ್ಟು ಕೊಚ್ಚಿಕೊಂಡೆನೋ! ಜೆಟ್ ಎಂದರೇನು ಎಂದು ಹೆಡ್ ಮಾಸ್ತರರಿಗೆ ಪಾಠ ಮಾಡಿದ್ದೆ.

ಒಮ್ಮೆ ಕಲಬುರಗಿಯಲ್ಲಿ ಕ್ಲಚ್ ಕೈಕೊಟ್ಟಿತು. ಅಲ್ಲಿನ ಮೆಕ್ಯಾನಿಕ್ಕಿಗೆ, ಹುಷಾರು, ಎಂಜಿನ್ ಟ್ಯೂನ್ ಆಗಿದೆ ಎಂದೆ. ಅವನು ಎಲ್ಲವನ್ನೂ ನೋಡಿ ನಕ್ಕ. ಹೆಡ್ ಯಾರೂ ಬಿಚ್ಚಿಲ್ಲ, ಜೆಟ್ ಮೊದಲಿನದೇ, ಟೈಮಿಂಗ್ ಇರಬೇಕಾದಲ್ಲೇ ಇದೆ, ನಿಮಗೆ ಟೋಪಿ ಹಾಕಿದ್ದಾರೆ ಮೇಡಂ ಎಂದ. ಜೊತೆಗಿದ್ದ ಟೀಚರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮರುವಾರ ಗಂಡನನ್ನು ಕರೆದುಕೊಂಡು ಶಹಾಬಾದಿಗೆ ಹೋದೆ. ಗಿರಾಕಿಗಳು ಕೂತಿದ್ದರು, ಅವರೆದುರಿಗೇ ಬಾಯಿಗೆ ಬಂದಂತೆ ಅಂದೆ. ನಮ್ಮಪ್ಪನ ಉಪ್ಪು ತಿಂದವರು ನೀವು ಎಂದೂ ಅಂದೆ. ಮಿಸ್ತ್ರಿ ಚಿಂದಿಯಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

"ಖರೇ ಅದವ್ವಾ. ಏನೂ ಮಾಡಿಲ್ಲ ನಾ."

"ಮತ್ತ ಯಾಕ ಸುಳ್ಳು ಹೇಳಿದ್ರಿ?"

ಅವರು ಕಾರಿನ ಪಕ್ಕ ನಿಂತಿದ್ದ ನನ್ನ ಗಂಡನನ್ನೊಮ್ಮೆ ನೋಡಿದರು. "ಹೋಗ್ಲಿ ಬಿಡವ್ವಾ," ಎಂದು ಮತ್ತೆ ಕೆಲಸಕ್ಕೆ ಬಗ್ಗಿದರು.

ಅಲ್ಲಿಗೆ ಅವರ ಸಹವಾಸ ಬಿಟ್ಟೆ. ಏನೂ ಮಾಡಿಲ್ಲ ಎಂದ ಮೇಲೆ ಕೆಡುವುದೇನಿದೆ? ರವಿವಾರದ ತೊಳೆಯುವ ಕೆಲಸ ಮತ್ತೆ ಶುರುವಾಯಿತು. ನಾಲ್ಕೈದು ತಿಂಗಳಿಗೆ ಕಾರು ಮತ್ತೆ ಆ ಏರಿನಲ್ಲಿ ನಿಂತಿತು.

ಈ ಸಲ ಸೇಡಂನಲ್ಲೇ ತೋರಿಸಿದೆವು. ಭಾವನೂ ಬಂದಿದ್ದರು. ಮೆಕ್ಯಾನಿಕ್ ಫಿಲ್ಟರ್ ಹೊರತೆಗೆದು ನೆಲಕ್ಕೆ ಕುಟ್ಟಿದ. ಕಲ್ಲು ಕುಟ್ಟಿದ ಸಪ್ಪಳ! ಪೇಪರಿನ ಮಡಿಕೆಗಳಲ್ಲೆಲ್ಲ ಸಿಮೆಂಟ್ ಗಟ್ಟಿಯಾಗಿ ಕೂತಿತ್ತು.

"ಇದಕ್ಕ ನೀರ್ ಹಾಕಿದೋರು ಯಾರ್ರಿ?" ಎಂದು ಬಾಯಿ ಮಾಡಿದ. "ಗಾಳಿ ಇಲ್ದ ಎಂಜಿನ್ ಹ್ಯಾಂಗ್ ಎಳೀತದ?"

ಭಾವ ನನ್ನ ಕಡೆ ತಿರುಗಿದರು. ಬೈಯಲಿಲ್ಲ, ನಕ್ಕರು. ಗಾಡಿ ಕೆಡಿಸಿದವರೇ ಗಾಡಿಗೆ ಪವರ್ ಇಲ್ಲ ಅಂತ ಅಳುತ್ತಿದ್ದರಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕೀಲಿಗಾಗಿ ಕೈ ಚಾಚಿದರು. ನಾನು ಕೊಟ್ಟೆ. ಯಾಕೆ ಕೊಟ್ಟೆನೋ, ಅದೂ ತಿಳಿಯದು. ಒಂದು ವಾರದಲ್ಲಿ ಅಪ್ಪನ ಕಾರು ಕಾಳಗಿಯ ಯಾರದೋ ಮನೆಗೆ ಹೋಯಿತು.

ಆವತ್ತು ಆ ಗ್ಯಾರೇಜಿನಲ್ಲಿ ನಿಂತಾಗಲೇ ನನಗೆ ಮಿಸ್ತ್ರಿಯ ಸುಳ್ಳಿನ ಅಂದಾಜಾಯಿತು. ಮೂರು ತಿಂಗಳಿಗೊಮ್ಮೆ ಅವರು ಮಾಡುತ್ತಿದ್ದದ್ದು ಹೊಸ ಫಿಲ್ಟರ್ ಹಾಕುವುದಷ್ಟೇ ಇರಬೇಕು. ಭಾವನೆದುರು ನನ್ನ ತಪ್ಪು ಬಯಲಾಗದಿರಲೆಂದು ಪವರಿನ ಕಥೆ, ನಾನು ಮತ್ತೆ ನೀರು ಹಾಕದಿರಲೆಂದು ಬಾನೆಟ್ಟಿನ ಮಾತು. ಆದರೆ ನನಗೊಬ್ಬಳಿಗೆ ಹೇಳಬಹುದಿತ್ತಲ್ಲ? ಯಾವತ್ತು ನಾನು ಒಬ್ಬಳೇ ಹೋಗಿದ್ದೆ, ಅವರು ಹೇಳಲು? ಫೋನ್ ಇತ್ತಲ್ಲ? ಅಥವಾ ಅವರು ಅಷ್ಟೆಲ್ಲ ಯೋಚಿಸಿಯೇ ಇರಲಿಲ್ಲವೋ, ಗಿರಾಕಿ ಕೈಬಿಡಬಾರದೆಂದು ಹಾಗೆ ಅಂದರೋ... ಹೀಗೆ ನೋಡಿದರೆ ಹೀಗೆ ಕಾಣುತ್ತದೆ, ಹಾಗೆ ನೋಡಿದರೆ ಹಾಗೆ.

ಕೇಳೋಣವೆಂದು ರಜೆಯಲ್ಲಿ ಬಸ್ಸಿಗೆ ಶಹಾಬಾದಿಗೆ ಹೋದೆ, ಒಬ್ಬಳೇ. ಶಟರ್ ಹಾಕಿತ್ತು. ಹಿಂದಿನ ಮನೆಯಿಂದ ಅವರ ಹೆಂಡತಿ ಬಂದರು. ಮಿಸ್ತ್ರಿ ಎದೆ ಹಿಡಿದುಕೊಂಡು ಎರಡೇ ದಿನದಲ್ಲಿ ತೀರಿಹೋದರಂತೆ, ತಿಂಗಳಾಗಿತ್ತು. ನನ್ನ ಬಗ್ಗೆ ಏನಾದರೂ ಹೇಳಿದ್ದರೇ ಎಂದು ಕೇಳಿದೆ.

"ಟೀಚರ್ ಗಾಡಿ ಭಾಳ ಛಲೋ ಹೊಡಿತಾಳ ಅಂತಿದ್ರು ರಿ. ಮತ್ತೇನಿಲ್ಲ. ಒಳಗ ಬರ್ರಿ, ಕುಂದ್ರಿ."

ನಾನು ಕೂರಲಿಲ್ಲ, ಬಸ್ ನಿಲ್ದಾಣದವರೆಗೂ ಅಳುತ್ತಲೇ ನಡೆದೆ.

ಈ ತಿಂಗಳು ನನ್ನ ಲೈಸೆನ್ಸ್ ಅವಧಿ ಮುಗಿಯುತ್ತದೆ. ನಿನ್ನೆ ಫಾರಂ ತುಂಬುತ್ತಿದ್ದೆ. ಗಾಡಿಯೇ ಇಲ್ಲ, ಲೈಸೆನ್ಸ್ ಯಾತಕ್ಕೆ ಎಂದು ಭಾವ ಕೇಳಿದರು. ನಾನು ತಲೆ ಎತ್ತದೆ ಫಾರಂ ತುಂಬುತ್ತಲೇ ಇದ್ದೆ. ಮಿಸ್ತ್ರಿ ಇದ್ದಿದ್ದರೆ ಭಾವನವರು ನಂಬುವಂಥದ್ದು ಏನಾದರೊಂದು ಪಟಪಟನೆ ಹೇಳುತ್ತಿದ್ದರು. ನನಗೆ ಅಷ್ಟು ಛಲೋ ಸುಳ್ಳು ಹೇಳಲು ಬರುವುದಿಲ್ಲ.