ಫ್ರಿಜ್ಜಿನೊಳಗೆ ಮಾವನ ಚಳಿಗಾಲ

ದೀಪಾವಳಿಯಿಂದ ಶಿವರಾತ್ರಿಯವರೆಗೆ ನಮ್ಮ ಮಾವನ ಮುಖದಲ್ಲಿ ಕಾಣುತ್ತಿದ್ದದ್ದು ಮೂಗು ಮತ್ತು ಕನ್ನಡಕ ಮಾತ್ರ. ಉಳಿದದ್ದೆಲ್ಲ ಕಂದು ಬಣ್ಣದ ಮಂಕಿ ಕ್ಯಾಪಿನೊಳಗೆ. ಬೆಳಗಾಗುತ್ತಲೇ ಲುಂಗಿ ಎತ್ತಿ ಕಟ್ಟಿ, ಅಂಗಳದ ಸೀಬೆ ಮರಕ್ಕೆ ನೇತುಹಾಕಿದ್ದ ಥರ್ಮಾಮೀಟರಿಗೆ ಮೂಗು ತಾಗಿಸಿ ನಿಲ್ಲುವರು. ಪಾದರಸ ಇಳಿದಿದ್ದರೆ ಮಗ ಪರೀಕ್ಷೆ ಪಾಸಾದಷ್ಟು ಖುಷಿ. "ಹದಿಮೂರು ಕಣಮ್ಮಾ! ಕಾಫಿ ಕೊಡು" ಎನ್ನುತ್ತ ಒಳಗೆ ಬರುವರು.

ಜೀವನ್ ಬಿಮಾ ನಗರದ ಆ ಮನೆಗೆ ನಾನು ಸೊಸೆಯಾಗಿ ಬಂದಾಗ ಅವರು ಆಗಲೇ ರಿಟೈರ್ ಆಗಿದ್ದರು. ಶಿವಾಜಿನಗರದ ಫುಟ್‌ಪಾತಿನಲ್ಲಿ ಕೊಂಡ, ರಟ್ಟು ಕಿತ್ತುಹೋದ ಒಂದು ವಿದೇಶಿ ತೋಟಗಾರಿಕೆ ಪುಸ್ತಕವೇ ಅವರಿಗೆ ವೇದ. ಅದರಲ್ಲಿ ಊರುಗಳನ್ನೆಲ್ಲ ಜೋನುಗಳಾಗಿ ಹಂಚಿದ್ದರು. ಚಳಿಗಾಲದಲ್ಲಿ ಒಂದು ಊರು ಎಷ್ಟರಮಟ್ಟಿಗೆ ತಣ್ಣಗಾಗುತ್ತದೆ ಎಂದು ನೋಡಿ ಅದಕ್ಕೊಂದು ನಂಬರು. ನಂಬರು ಚಿಕ್ಕದಾದಷ್ಟೂ ಚಳಿ ಜಾಸ್ತಿ. ಯಾವ ಗಿಡ ಯಾವ ನಂಬರಿನಿಂದ ಯಾವ ನಂಬರಿನವರೆಗೆ ಬಾಳುತ್ತದೆ ಎಂದು ಪ್ರತಿ ಹೆಸರಿನ ಮುಂದೂ ಬರೆದಿತ್ತು. ಬೆಂಗಳೂರಿಗೆ ಮಾವ ತಾವೇ ಲೆಕ್ಕ ಹಾಕಿ ಹನ್ನೆರಡು ಕೊಟ್ಟಿದ್ದರು. ಮಾರತ್ತಹಳ್ಳಿಗೆ ಅಷ್ಟು ಕೊಡುವುದಕ್ಕೂ ಅವರಿಗೆ ಮನಸ್ಸಿರಲಿಲ್ಲ. "ಮರ ಇಲ್ಲ, ಮಣ್ಣಿಲ್ಲ, ಬರೀ ಕಾರು. ಅದು ಯಾವ ಜೋನೂ ಅಲ್ಲ ಬಿಡು."

ಸುಳ್ಳು ಹೇಳಬಾರದು, ನನಗೆ ಗಿಡ ನೆಡುವುದನ್ನು ಕಲಿಸಿದವರು ಅವರೇ. ಗೌರಿ ಹಬ್ಬ ಕಳೆದು ಮಳೆಯ ಬಿರುಸು ತಗ್ಗಿದ ಮೇಲೆ ಚಳಿಗಾಲದ ಹೂವಿನ ಬೀಜ ಹಾಕಬೇಕು. ಬಿರುಬೇಸಿಗೆಯಲ್ಲಿ ಹೊಸ ಗುಲಾಬಿ ತರಕೂಡದು. ಹಲಸೂರಿನ ನರ್ಸರಿಗೆ ಹೋದರೆ ಹೂವಿಗೆ ಮರುಳಾಗದೆ ಬುಡ ನೋಡಬೇಕು. "ಹೂವು ನೋಡಿ ಗಿಡ ತರೋದು, ಸೀರೆ ನೋಡಿ ಸೊಸೆ ತಂದಂಗೆ" ಎಂದು ನನ್ನ ಕಡೆ ತಿರುಗಿ ನಗುವರು. ನಾನೂ ನಗುತ್ತಿದ್ದೆ.

ಅವರ ದೋಷವೆಂದರೆ ಗಿಡದ ಮುಂದಿನ ಎರಡು ನಂಬರುಗಳಲ್ಲಿ ಚಿಕ್ಕದನ್ನು ಮಾತ್ರ ಓದುವುದು. "ಹಿಮದಲ್ಲೇ ಬದುಕೋ ಗಿಡಕ್ಕೆ ನಮ್ಮ ಹವಾ ಯಾವ ಲೆಕ್ಕ?" ಎಂದು ತಂದು ನೆಟ್ಟ ಸೇಬಿನ ಗಿಡ ಸಾಯಲಿಲ್ಲ, ಹಾಗಂತ ಹೂವನ್ನೂ ಬಿಡಲಿಲ್ಲ. ಅತ್ತೆ ಮಾತ್ರ ಒಮ್ಮೆ, "ಬದುಕಿದ್ರೆ ಆಯ್ತೇನ್ರೀ? ಅದಕ್ಕೂ ಏನಾದ್ರೂ ಬೇಕಿರಲ್ವಾ?" ಎಂದಿದ್ದರು. ಮಾವ ಬಂದ ನೆಂಟರೆದುರು ಅತ್ತೆಯನ್ನು ತೋರಿಸಿ, "ಇವಳು ಮೂರನೇ ನಂಬರಿನ ಗಿಡ. ಎಲ್ಲಿಟ್ರೂ ಬದುಕ್ತಾಳೆ" ಎನ್ನುತ್ತಿದ್ದರು. ಅದನ್ನು ಅವರು ಹೊಗಳಿಕೆಯೆಂದೇ ತಿಳಿದಿದ್ದರು.

ಅತ್ತೆಗೆ ಸಕ್ಕರೆ ಕಾಯಿಲೆ. ತಿಂಡಿಗೆ ಮುಂಚೆ ಫ್ರಿಜ್ಜಿನಿಂದ ಇನ್ಸುಲಿನ್ ಸೀಸೆ ತೆಗೆದು, ಅಡುಗೆಮನೆಯಲ್ಲೇ ನಿಂತು, ತಾವೇ ಚುಚ್ಚಿಕೊಳ್ಳುವರು. ಒಬ್ಬರನ್ನೂ ಕರೆಯುತ್ತಿರಲಿಲ್ಲ.

ಒಂದು ವರ್ಷ ಮಾವ ಫಲಪುಷ್ಪ ಪ್ರದರ್ಶನದಿಂದ ಟುಲಿಪ್ ಗೆಡ್ಡೆ ತಂದರು. ಟುಲಿಪ್ ಹೂ ಬಿಡಬೇಕಾದರೆ ಗೆಡ್ಡೆ ತಿಂಗಳುಗಟ್ಟಲೆ ಚಳಿಯಲ್ಲಿ ಮಲಗಬೇಕು. ಹನ್ನೆರಡನೇ ಜೋನಿನಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಗೆಡ್ಡೆಗಳು ತರಕಾರಿ ಟ್ರೇಗೆ ಹೋದವು. ತಣ್ಣಗಾದಷ್ಟೂ ಒಳ್ಳೆಯದೆಂದು ಮಾವ ಫ್ರಿಜ್ಜಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರು. ಕರಿಬೇವು ಕಪ್ಪಾಯಿತು, ದೋಸೆ ಹಿಟ್ಟಿನ ಮೇಲೆ ಐಸು ಕಟ್ಟಿತು. ನಾನು ಗುಂಡಿ ಇಳಿಸಿದರೆ ಅವರು ಮತ್ತೆ ಏರಿಸುವರು. "ಏನ್ರೀ, ಇದು ಅಡುಗೆಮನೆನೋ ಕಾಶ್ಮೀರನೋ?" ಎಂದರು ಅತ್ತೆ. "ಗೆಡ್ಡೆ ಮಲಗಿದೆ ಕಣೇ. ಎಬ್ಬಿಸಬೇಡ."

ಅತ್ತೆಗೆ ಬಾಯಾರಿಕೆ, ಸುಸ್ತು ಶುರುವಾಯಿತು. ವಯಸ್ಸಾಯಿತು ಎಂದುಕೊಂಡರು, ಗಟ್ಟಿ ಗಿಡವಲ್ಲವೇ. ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು, "ದಿನಾ ಇನ್ಸುಲಿನ್ ತಗೊಂಡೂ ಶುಗರ್ ಇಷ್ಟೇರಲ್ಲ. ಔಷಧಿ ಎಲ್ಲಿಡ್ತೀರಿ?" ಎಂದರು. ನಾನು ಮನೆಗೆ ಬಂದು ನೋಡಿದೆ. ಸೀಸೆ ಫ್ರಿಜ್ಜಿನ ಹಿಂಬದಿಗೆ ಅಂಟಿಕೊಂಡಿತ್ತು. ಕಿತ್ತು ತೆಗೆದರೆ ಒಳಗೆ ಅರ್ಧ ಐಸು. ಹೋಗಿ ಡಾಕ್ಟರಿಗೆ ಹೇಳಿದೆ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಂತೆ, ಕರಗಿದ ಮೇಲೂ ಅದರ ಶಕ್ತಿಯನ್ನು ನಂಬುವಂತಿಲ್ಲ ಎಂದರು ಡಾಕ್ಟರು. ರಾತ್ರಿ ಗಟ್ಟಿಯಾಗಿ ಬೆಳಿಗ್ಗೆಗೆ ಕರಗಿದ್ದನ್ನೇ ಅತ್ತೆ ಅಷ್ಟು ದಿನ ಚುಚ್ಚಿಕೊಂಡಿದ್ದರು.

ಸೀಸೆಯನ್ನು ಮಾವನ ಮುಂದಿಟ್ಟೆ. "ನೋಡಿ ಮಾವ, ನಿಮ್ಮ ಗೆಡ್ಡೆಗೆ ಕೊಟ್ಟ ಚಳಿ ಇದು." ಅವರು ಸೀಸೆ ಎತ್ತಿ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. "ಮೆಡಿಕಲ್ ಶಾಪಿನವನೇ ಹಳೇದು ಕೊಟ್ಟಿರ್ಬೇಕು" ಎಂದರು.

ಅತ್ತೆ ಮನೆಗೆ ಬಂದರು, ಆದರೆ ಮೊದಲೇ ಸೋತಿದ್ದ ಕಿಡ್ನಿ ಆಮೇಲೆ ಚೇತರಿಸಿಕೊಳ್ಳಲಿಲ್ಲ. ಅದೇ ಹೊತ್ತಿಗೆ, ಮಾವ ಫ್ರಿಜ್ಜಿನಿಂದ ತೆಗೆದು ಕುಂಡದಲ್ಲಿ ನೆಟ್ಟಿದ್ದ ಟುಲಿಪ್ ಅರಳಿತು. ಮೋಟು ದಂಟು, ಕುಂಕುಮದ ಬಣ್ಣ. ಬೀದಿಯ ಜನವೆಲ್ಲ ಬಂದು ಫೋಟೊ ತೆಗೆದುಕೊಂಡರು. ಮಾವ ಒಂದನ್ನು ಕೊಯ್ದು, ಸ್ಟೀಲ್ ಲೋಟದಲ್ಲಿ ನೀರು ಹಾಕಿ ಅತ್ತೆಯ ಮಂಚದ ಪಕ್ಕ ಇಟ್ಟರು. "ನೋಡೇ, ಬೆಂಗಳೂರಲ್ಲಿ ಟುಲಿಪ್ಪು!"

ಅತ್ತೆ ಅದನ್ನು ತುಂಬ ಹೊತ್ತು ನೋಡಿದರು. "ಇಷ್ಟಕ್ಕೇನ್ರೀ?" ಎಂದರು. ಮಾವ ಥರ್ಮಾಮೀಟರ್ ನೋಡಲು ಹೊರಗೆ ಹೋದರು.

ಮುಂದಿನ ಮಳೆಗಾಲದಲ್ಲಿ ಅತ್ತೆ ಹೋದರು. ಮಾತಾಡಿಸಲು ಬಂದವರಿಗೆಲ್ಲ ಮಾವ ಒಂದೇ ಮಾತು ಹೇಳಿದರು: "ಗಟ್ಟಿ ಜೀವ. ಎಷ್ಟೋ ತಡ್ಕೊಂಡ್ಳು." "ತಪ್ಪು ನನ್ನಿಂದಾಯಿತು" ಎಂದು ಅವರು ಹೇಳುವ ಒಂದು ಮಾತಿಗೆ ನಾನು ಕಾದೆ. ತಿಥಿಯ ದಿನ ಕಾದೆ, ವರ್ಷಾಬ್ದಿಕದ ದಿನವೂ ಕಾದೆ. ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗೆಲ್ಲ ಕಾದೆ. ಅವರು ಮಣ್ಣಿನ ಹದ, ಗೊಬ್ಬರದ ಹದ ಹೇಳುತ್ತಲೇ ಇದ್ದರು.

ಆಮೇಲೆ ಮಾವನಿಗೂ ಸಕ್ಕರೆ ಕಾಯಿಲೆ ಬಂತು, ಮಾತ್ರೆ ಸಾಲದೆ ಇನ್ಸುಲಿನ್ನಿಗೆ ಬಂದು ನಿಂತಿತು. ನಾನೇ ಚುಚ್ಚುತ್ತಿದ್ದೆ. ಆಗ ಅವರಿಗೊಂದು ಹೊಸ ಅಭ್ಯಾಸ ಹತ್ತಿತು. ಎದ್ದ ಕೂಡಲೇ ಥರ್ಮಾಮೀಟರ್ ಬಿಟ್ಟು ಅಡುಗೆಮನೆಗೆ ಬಂದು ಕೇಳುವರು: "ಗುಂಡಿ ಎಷ್ಟರಲ್ಲಿದೆಯಮ್ಮಾ?"

"ಎರಡರಲ್ಲಿದೆ ಮಾವ."

"ಹಾಂ. ಜಾಸ್ತಿ ಮಾಡ್ಬೇಡ. ಸೀಸೆ ಬಾಗಿಲ ಕಡೆ ಇಡು, ಹಿಂದಕ್ಕೆ ತಳ್ಬೇಡ."

ಅವರು ತೀರಿಕೊಂಡ ಮೇಲೂ ಅವರು ಹೇಳಿಕೊಟ್ಟ ಕಾಲಕ್ಕೇ ಬೀಜ ಹಾಕುತ್ತಿದ್ದೇನೆ, ಗಿಡಗಳೂ ಚೆನ್ನಾಗಿವೆ. ಆ ಋಣ ನನ್ನ ಮೇಲಿದೆ, ಇಲ್ಲವೆನ್ನುವುದಿಲ್ಲ. ನನ್ನ ಗಂಡ ಹೇಳುತ್ತಾರೆ, "ದಿನಾ ಗುಂಡಿ ಕೇಳ್ತಿದ್ರಲ್ಲ, ಅದೇ ಕಣೇ ಅಪ್ಪ ತಪ್ಪು ಒಪ್ಕೊಂಡಿದ್ದು. ಇನ್ನಾದ್ರೂ ಬಿಡು."

ಅವರ ಅಪ್ಪ, ಅವರು ಬಿಡಲಿ. ಮಾವ ದಿನಾ ಕೇಳುತ್ತಿದ್ದದ್ದು ತಮ್ಮ ಸೀಸೆಯ ಬಗ್ಗೆ.