ಮೊದಲು ಬೂಟು ಬಿಚ್ಚು!

ಬೆಳಗಿನ ಐದು ಗಂಟೆ. ಬೀದಿ ಗುಡಿಸುವವರು ಹಾಜರಿ ಹಾಕುವ ತಗಡಿನ ಶೆಡ್ಡಿನಲ್ಲಿ ಇರುವುದು ಒಂದೇ ಟ್ಯೂಬ್‌ಲೈಟು. ಅದರ ಕೆಳಗೆ ಮೋಟು ಸ್ಟೂಲಿನ ಮೇಲೆ ನರ್ಸಮ್ಮ ಕೂತಿದ್ದಾರೆ. ಸಕ್ಕರೆ ಕಾಯಿಲೆ ನೋಡುವವರು ರಕ್ತ ತೆಗೆಯಲು ಮೊದಲು ಬೆರಳು ಕೇಳುತ್ತಾರೆ. ಇವರು ಕೇಳುವುದು ಕಾಲು.

"ಮೊದಲು ಬೂಟು ಬಿಚ್ಚು. ಆಮೇಲೆ ನಿನ್ನ ಕಥೆ."

ಎದುರಿಗಿರುವುದು ಶೆಡ್ಡಿನವರೆಲ್ಲ ದೊಡ್ಡಮ್ಮ ಎಂದು ಕರೆಯುವ ಹಿರಿಯ ಕೆಲಸಗಾರ್ತಿ. ಗೊಣಗುತ್ತಲೇ ಬಲಗಾಲಿನ ರಬ್ಬರ್ ಬೂಟು ಕಳಚುತ್ತಾಳೆ. ನರ್ಸಮ್ಮ ಅದನ್ನು ಬೋರಲು ಹಿಡಿದು ಕೊಡವುತ್ತಾರೆ. ಒಳಗೆ ತುರುಕಿದ್ದ ಹಳೇ ಬಟ್ಟೆ ಬೀಳುತ್ತದೆ. ಅದರ ಹಿಂದೆಯೇ ಸೋಡಾ ಬಾಟಲಿಯ ಮುಚ್ಚಳ.

"ಇದು ಯಾವಾಗಿಂದ ಇತ್ತೇ?"

"ನಿನ್ನೆಯಿಂದ ಇರಬೇಕು ಕಣಮ್ಮ. ಗೊತ್ತೇ ಆಗ್ಲಿಲ್ಲ."

ಅಂಗಾಲಲ್ಲಿ ಮುಚ್ಚಳದ ಹಲ್ಲುಗಳು ದುಂಡಗೆ ಕೆಂಪಗೆ ಮೂಡಿವೆ. ಪುಣ್ಯಕ್ಕೆ ಚರ್ಮ ಒಡೆದಿಲ್ಲ. ಸಕ್ಕರೆ ಕಾಯಿಲೆ ಹಳೆಯದಾದರೆ ಕಾಲಿಗೆ ನೋವೇ ತಿಳಿಯುವುದಿಲ್ಲ. ದೊಡ್ಡಮ್ಮನ ಎಡಗಾಲಿನ ಹೆಬ್ಬೆರಳು ಐದು ವರ್ಷದ ಹಿಂದೆ ಹೋದದ್ದು ಇಂಥದೇ ಗಾಯದಿಂದ.

ಆಗ ನರ್ಸಮ್ಮ ದೊಡ್ಡಾಸ್ಪತ್ರೆಯ ಶಸ್ತ್ರಚಿಕಿತ್ಸೆ ವಾರ್ಡಿನಲ್ಲಿದ್ದರು. ಹದಿನಾರು ವರ್ಷ ಕತ್ತರಿಸಿದ ಕಾಲುಗಳಿಗೆ ಪಟ್ಟಿ ಕಟ್ಟಿದವರು. "ಮೊದಲೇ ಬರೋಕೆ ಏನಾಗಿತ್ತು ಅಂತ ಇವಳನ್ನ ಬೈದೆ. 'ನಿಮ್ಮ ಬಾಗಿಲು ತೆಗೆಯೋದು ಹತ್ತಕ್ಕೆ, ಆಗ ನಾನು ಬೀದೀಲಿರ್ತೀನಿ' ಅಂದ್ಲು. ಕಪಾಳಕ್ಕೆ ಹೊಡೆದಂಗಾಯ್ತು." ಮರುವರ್ಷವೇ ಹಟ ಹಿಡಿದು ಈ ಶೆಡ್ಡಿಗೆ ಬಂದರು.

ಇಲ್ಲಿ ಅರವತ್ಮೂರು ಜನ. ಹತ್ತೊಂಬತ್ತು ಮಂದಿಗೆ ಕಾಯಿಲೆ, ಇನ್ನು ಹನ್ನೊಂದು ಮಂದಿ ಅಂಚಿನಲ್ಲಿದ್ದಾರೆ. ದಿನಕ್ಕೆ ಇಪ್ಪತ್ತು ಜನರ ಪರೀಕ್ಷೆ, ನಲವತ್ತು ಬೂಟುಗಳ ಕೊಡವುವಿಕೆ. ಗಾಜಿನ ಚೂರು, ಮೊಳೆ, ಒಮ್ಮೆ ಯಾರದೋ ಬೀಗದ ಕೈ! "ಬೀಗದ ಕೈ ಕಳ್ಕೊಂಡೋರು ಮನೆ ಹೊರಗೇ ಮಲಗಿದ್ರಂತೆ," ಎಂದು ನಗುತ್ತಾರೆ.

ನಗು ಅಷ್ಟಕ್ಕೇ ನಿಲ್ಲುತ್ತದೆ. ಕೊಟ್ಟಿರುವ ಬೂಟುಗಳೆಲ್ಲ ಒಂಬತ್ತನೇ ನಂಬರಿನವು. ಹೆಂಗಸರು ನಲವತ್ತೊಂದು ಜನ. ಸಣ್ಣ ಪಾದಕ್ಕೆ ಬಟ್ಟೆ ತುರುಕಿಕೊಂಡು ನಡೆದರೆ ಬೊಕ್ಕೆ ಬರದೆ ಇನ್ನೇನಾಗುತ್ತದೆ? ನರ್ಸಮ್ಮ ಎಲ್ಲರ ಪಾದವನ್ನೂ ಹಳೇ ಕ್ಯಾಲೆಂಡರಿನ ಹಾಳೆಗಳ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿಕೊಂಡು, ಸರಿಯಾದ ಬೂಟು ಕೊಡಿ ಎಂದು ಮೇಲಧಿಕಾರಿಗೆ ಏಳು ಪತ್ರ ಬರೆದರು. ಬಂದ ಉತ್ತರ ಒಂದೇ: ಬೂಟಿನ ಅಳತೆ ಆರೋಗ್ಯ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲ. ಬೆರಳು ಕತ್ತರಿಸುವುದು ಮಾತ್ರ ಬರುತ್ತದಂತೆ! ಇದನ್ನು ಬರೆದವರು ದಿನವಿಡೀ ಮೇಜಿನಡಿಯಲ್ಲಿ ಕಾಲು ಚಾಚಿ ಕೂರುವವರು. ಹೊಟ್ಟೆ ಉರಿಯದಿರುತ್ತದೆಯೇ?

"ಹದಿನೈದು ದಿನ ಈ ಬೂಟು ಮುಟ್ಟಬೇಡ," ಎನ್ನುತ್ತಾರೆ ನರ್ಸಮ್ಮ.

ಹಾಜರಿ ಪುಸ್ತಕ ಹಿಡಿದ ಮೇಸ್ತ್ರಿ ಕೂತಲ್ಲಿಂದಲೇ ಕೂಗುತ್ತಾನೆ: "ಬೂಟಿಲ್ದೆ ಹಾಜರಿ ಇಲ್ಲ, ಮೇಡಂ. ನಿಯಮ."

ದೊಡ್ಡಮ್ಮ ಮತ್ತೆ ಅದೇ ಬೂಟಿಗೆ ಕೈ ಹಾಕುತ್ತಾಳೆ. ನರ್ಸಮ್ಮ ಅದನ್ನು ಕಿತ್ತುಕೊಳ್ಳುತ್ತಾರೆ. ತಮ್ಮ ಮೆತ್ತನೆಯ ಬೂಟುಗಳನ್ನು ಬಿಚ್ಚಿ ಅವಳ ಮುಂದಿಡುತ್ತಾರೆ. "ಇಬ್ಬರದೂ ಐದನೇ ನಂಬರು. ಗೀಚಿಕೊಂಡಿದ್ದೀನಲ್ಲ. ಬರ್ಕೊಳಪ್ಪಾ ಹಾಜರಿ, ಬೂಟು ಹಾಕಿದ್ದಾಳೆ."

ಮೇಸ್ತ್ರಿ ತಲೆ ಕೆರೆದುಕೊಂಡು ಬರೆದುಕೊಳ್ಳುತ್ತಾನೆ.

ನರ್ಸಮ್ಮ ದೊಡ್ಡಮ್ಮ ಬಿಚ್ಚಿಟ್ಟ ಒಂಬತ್ತನೇ ನಂಬರಿನೊಳಗೆ ಕಾಲು ತೂರಿಸುತ್ತಾರೆ. ಕಂಕುಳಲ್ಲಿ ಪಾದದ ಚಿತ್ರಗಳ ಸುರುಳಿ, ಕೈಯಲ್ಲಿ ಎಂಟನೇ ಪತ್ರ. ಹತ್ತು ಗಂಟೆಗೆ ಇದೇ ಬೂಟಿನಲ್ಲಿ ಮೇಲಧಿಕಾರಿಯ ಕೋಣೆಗೆ ಹೋಗುತ್ತಾರಂತೆ. ನಿಮಗೇನು ಬೇಕು, ಸನ್ಮಾನವೇ, ಬಡ್ತಿಯೇ ಎಂದು ಕೇಳಿದರೆ ಕೈ ಕೊಡವುತ್ತಾರೆ.

"ನಾನು ಬಂದ ಮೇಲೆ ಈ ಶೆಡ್ಡಲ್ಲಿ ಒಂದು ಬೆರಳೂ ಹೋಗಿಲ್ಲ. ಸಾಹೇಬ್ರು ಈ ಬೂಟು ಹಾಕ್ಕೊಂಡು ಮೆಟ್ಟಿಲಿಳಿದು ಗೇಟಿನ ತನಕ ನಡೀಲಿ. ಅಷ್ಟೇ ಸಾಕು ನಂಗೆ."